ಮೂರೂ ಮೂರೂ ನಾಲ್ಕಾಗುವ ಲೆಕ್ಕ

ಓದುಗರ ಪತ್ರದ ಸಾರ: ನಮ್ಮದು ಹಾಸನ. ಮಗಳು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗ. ಬಿಬಿಎಯೂ ಬೇಕು, ಮಾಧ್ಯಮದ ಓದೂ ಬೇಕು ಎನ್ನುತ್ತಾಳೆ. ಆಸ್ಟ್ರೇಲಿಯಾದಲ್ಲಿ ಎರಡೂ ಪದವಿ ಸೇರಿ ನಾಲ್ಕೇ ವರ್ಷ ಎಂದು ಏಜೆಂಟರೊಬ್ಬರು ಹೇಳಿದ್ದಾರೆ. ಈ ಜುಲೈಗೇ ಸೇರಿಸಿ, ಪಾರ್ಟ್‌ಟೈಮ್ ಕೆಲಸದಲ್ಲಿ ಫೀಸಿನ ಬಹುಪಾಲು ಹುಟ್ಟುತ್ತದೆ, ಎರಡು ಪದವಿ ಇರುವುದರಿಂದ ಓದು ಮುಗಿದ ಮೇಲೆ ಉಳಿಯಲು ಜಾಸ್ತಿ ವರ್ಷ ಸಿಗುತ್ತದೆ ಎಂಬುದು ಅವರ ಮಾತು. ಎಷ್ಟು ನಂಬಬೇಕು?

ಮಾನ್ಯರೇ,

ಮೊದಲ ಮಾತು ನಿಜ. ಕೆಲಸದ ಮಾತು ಅರ್ಧಂಬರ್ಧ. ಉಳಿಯುವ ವರ್ಷಗಳ ಮಾತು ಸುಳ್ಳು. ಜುಲೈಗೆ ಸೇರಬಹುದು, ಆದರೆ ಎಡವುವ ಜಾಗ ಇರುವುದೂ ಅಲ್ಲೇ. ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ಮುಂಚೆ ಕೋರ್ಸಿನ ಹೆಸರನ್ನು ಅಕ್ಷರ ಬಿಡದೆ ಓದಿ. ಒಂದೇ ಬಾಯಲ್ಲಿ ಮೂರು ಬೇರೆ ಬೇರೆ ಸರಕು ಮಾರಲಾಗುತ್ತದೆ. ಡಬಲ್ ಡಿಗ್ರಿ ಎಂದರೆ ಬ್ಯಾಚುಲರ್ ಆಫ್ ಬಿಸಿನೆಸ್ ಒಂದು, ಬ್ಯಾಚುಲರ್ ಆಫ್ ಕಮ್ಯುನಿಕೇಶನ್ ಇನ್ನೊಂದು, ಪ್ರಮಾಣಪತ್ರ ಎರಡು, ವರ್ಷ ನಾಲ್ಕು. ಡಬಲ್ ಮೇಜರ್ ಎಂದರೆ ಒಂದೇ ಪದವಿಯೊಳಗೆ ಎರಡು ವಿಶೇಷ ವಿಷಯ, ಪ್ರಮಾಣಪತ್ರ ಒಂದು, ವರ್ಷ ಮೂರು. ಬಿಸಿನೆಸ್ ಪದವಿಯಲ್ಲೇ ಸಂವಹನವನ್ನು ಮೈನರ್ ಆಗಿ, ಅಂದರೆ ಕೆಲವೇ ಪೇಪರಿನ ಉಪವಿಷಯವಾಗಿ, ತೆಗೆದುಕೊಳ್ಳುವುದು ಮೂರನೆಯದು. ವಿದೇಶಿ ವಿದ್ಯಾರ್ಥಿಗಳಿಗೆ ತೆರೆದಿರುವ ಪ್ರತಿ ಕೋರ್ಸಿಗೂ ಆಸ್ಟ್ರೇಲಿಯಾ ಸರ್ಕಾರದ ಕ್ರೈಕೋಸ್ ಎಂಬ ನೋಂದಣಿಯಲ್ಲಿ ಒಂದು ಸಂಖ್ಯೆ ಇರುತ್ತದೆ. ಡಬಲ್ ಡಿಗ್ರಿಗೆ ಅದರದ್ದೇ ಪ್ರತ್ಯೇಕ ಸಂಖ್ಯೆ. ಆ ಪುಟದಲ್ಲಿ ಅವಧಿಯನ್ನು ವಾರದ ಲೆಕ್ಕದಲ್ಲಿ ಬರೆದಿರುತ್ತಾರೆ: ನಾಲ್ಕು ವರ್ಷಕ್ಕೆ 208 ವಾರ, ಮೂರಕ್ಕೆ 156. ಏಜೆಂಟರ ಕಾಗದದಲ್ಲಿ ಈ ಸಂಖ್ಯೆ ಇಲ್ಲದಿದ್ದರೆ ಮಾತು ಮುಂದುವರಿಸಬೇಡಿ.

ಈಗ ಮೂರೂ ಮೂರೂ ನಾಲ್ಕಾಗುವುದು ಹೇಗೆ ಎಂಬುದಕ್ಕೆ ಬರೋಣ. ಅಲ್ಲಿ ವರ್ಷಕ್ಕೆ ಎರಡು ಸೆಮಿಸ್ಟರ್, ಸೆಮಿಸ್ಟರಿಗೆ ನಾಲ್ಕು ಪೇಪರ್ (ಅಲ್ಲಿನವರು ಯೂನಿಟ್ ಎನ್ನುತ್ತಾರೆ). ಮೂರು ವರ್ಷದ ಪದವಿಗೆ 24 ಪೇಪರ್. ಸ್ಥೂಲವಾಗಿ ಅದರಲ್ಲಿ ಎಂಟು ಎಲ್ಲರಿಗೂ ಕಡ್ಡಾಯ, ಎಂಟು ಆಯ್ದ ವಿಷಯದ್ದು, ಉಳಿದ ಎಂಟು ಐಚ್ಛಿಕ. ಡಬಲ್ ಡಿಗ್ರಿಯಲ್ಲಿ ಎರಡೂ ಕಡೆಯ ಐಚ್ಛಿಕಗಳನ್ನು ತೆಗೆದುಹಾಕುತ್ತಾರೆ. ಹದಿನಾರೂ ಹದಿನಾರೂ ಮೂವತ್ತೆರಡು, ಅಂದರೆ ನಾಲ್ಕು ವರ್ಷ. ವಿದ್ಯಾರ್ಥಿ ಎರಡರಷ್ಟು ಓದುವುದೂ ಇಲ್ಲ, ವಿಶ್ವವಿದ್ಯಾಲಯ ಧರ್ಮಕ್ಕೆ ಕೊಡುವುದೂ ಇಲ್ಲ. ಕ್ರೆಡಿಟ್ (ಪ್ರತಿ ಪೇಪರಿಗೆ ವಿಶ್ವವಿದ್ಯಾಲಯ ಇಡುವ ತೂಕ) ಅಂಕಿ ನೋಡಿ ಗಾಬರಿಯಾಗಬೇಡಿ, ಮರುಳೂ ಆಗಬೇಡಿ. ಮೋನಾಶ್ ವಿಶ್ವವಿದ್ಯಾಲಯದಲ್ಲಿ ಒಂದು ಪೇಪರಿಗೆ 6 ಕ್ರೆಡಿಟ್, ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿಯಲ್ಲಿ (ಕ್ಯುಯುಟಿ) 12, ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ 10. ಹಾಗಾಗಿ ಅದೇ ನಾಲ್ಕು ವರ್ಷ ಒಂದು ಕಡೆ 192, ಇನ್ನೊಂದು ಕಡೆ 384, ಮತ್ತೊಂದು ಕಡೆ 320. ಓದುವ ಪೇಪರುಗಳು ಎಲ್ಲ ಕಡೆಯೂ ಮೂವತ್ತೆರಡೇ.

ಐಚ್ಛಿಕ ಹೋದರೆ ಹೋಗಲಿ ಅನ್ನಿಸಬಹುದು. ಆದರೆ ಅದು ಬಂಡಿಯ ಸ್ಟೆಪ್ನಿ ಇದ್ದ ಹಾಗೆ. ಒಂದು ಸೆಮಿಸ್ಟರ್ ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಹೋಗುವ ಎಕ್ಸ್‌ಚೇಂಜ್ ಸಾಮಾನ್ಯವಾಗಿ ಐಚ್ಛಿಕದ ಜಾಗದಲ್ಲೇ ಕೂರುತ್ತದೆ. ಅಕೌಂಟಿಂಗ್ ಆಯ್ದುಕೊಂಡವರಿಗೆ ಪೆಟ್ಟು ಇನ್ನೂ ಜೋರು. ಸಿಪಿಎ ಆಸ್ಟ್ರೇಲಿಯಾದಂಥ ಅಕೌಂಟೆಂಟರ ವೃತ್ತಿ ಸಂಸ್ಥೆಗಳು ಕಂಪನಿ ಕಾನೂನು, ಹಣಕಾಸು ಎಂದು ಓದಿರಲೇಬೇಕಾದ ವಿಷಯಗಳ ಒಂದು ಪಟ್ಟಿ ಇಟ್ಟುಕೊಂಡಿವೆ. ಮೂರು ವರ್ಷದ ಪದವಿಯಲ್ಲಿ ಪಟ್ಟಿಯ ಕೆಲವನ್ನು ಐಚ್ಛಿಕದಲ್ಲಿ ಮುಗಿಸಬಹುದು. ಡಬಲ್ ಡಿಗ್ರಿಯಲ್ಲಿ ಅವಕ್ಕೆ ಜಾಗ ಸಾಲದೆ ಮೂವತ್ತೆರಡರ ಮೇಲೆ ಇನ್ನೂ ಒಂದೆರಡು ಪೇಪರ್ ದುಡ್ಡು ಕೊಟ್ಟು ಓದಬೇಕಾಗಬಹುದು. ಮಗಳಿಗೆ ಅಕೌಂಟಿಂಗ್ ಮನಸ್ಸಿದ್ದರೆ, ಈ ಡಬಲ್ ಡಿಗ್ರಿಗೆ ವೃತ್ತಿ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿ. ಬರೀ ಬಿಸಿನೆಸ್ ಪದವಿಗೆ ಮಾನ್ಯತೆ ಇದ್ದರೆ ಸಾಲದು.

ಇನ್ನು ಯಾವುದರ ಜೊತೆ ಯಾವುದು? ನಮ್ಮ ಮಟ್ಟಿಗೆ ಇಡೀ ನಿರ್ಧಾರದ ಹುರುಳು ಇಲ್ಲಿದೆ, ಏಜೆಂಟರು ಬಾಯಿ ಬಿಡದ ವಿಷಯವೂ ಇದೇ. ಬಿಸಿನೆಸ್ ಕಡೆಯಿಂದ ಮಾರ್ಕೆಟಿಂಗ್, ಸಂವಹನದ ಕಡೆಯಿಂದ ಜಾಹೀರಾತು ಅಥವಾ ಸಾರ್ವಜನಿಕ ಸಂಪರ್ಕ ಎಂಬುದು ಎಲ್ಲರ ನಾಲಿಗೆಯ ಮೇಲೆ ಮೊದಲು ಬರುವ ಜೋಡಿ. ಅದನ್ನು ನಾವು ಬೇಡ ಎನ್ನುತ್ತೇವೆ. ಗ್ರಾಹಕರನ್ನು ಗುಂಪು ಮಾಡುವುದು, ಪ್ರಚಾರದ ಯೋಜನೆ ಬರೆಯುವುದು, ಸೋಷಿಯಲ್ ಮೀಡಿಯಾ ಅಂಕಿ ಓದುವುದು ಎರಡು ಕಡೆಯೂ ಇದೆ. ರುಬ್ಬಿದ್ದನ್ನೇ ಇನ್ನೊಮ್ಮೆ ರುಬ್ಬಲು ನಾಲ್ಕನೇ ವರ್ಷದ ಫೀಸು ಯಾಕೆ ಕೊಡಬೇಕು? ಒಂದರ ಹೂರಣ ಇನ್ನೊಂದರಲ್ಲಿ ಇರುವ ಪೇಪರುಗಳನ್ನು ಕೆಲವು ವಿಶ್ವವಿದ್ಯಾಲಯಗಳು ‘ಎರಡನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ’ ಎಂದು ಕೈಪಿಡಿಯಲ್ಲೇ ಗುರುತಿಸಿರುತ್ತವೆ. ಅದನ್ನು ನೋಡದೆ ಹೆಸರು ಬರೆಸಿದವರಿಗೆ ಒಂದು ಪೇಪರ್ ನಷ್ಟ.

ದೂರದ ಊರಿನ ಸಂಬಂಧವೇ ಇಲ್ಲಿ ಒಳ್ಳೆಯದು. ಹಣಕಾಸು ಮತ್ತು ಪತ್ರಿಕೋದ್ಯಮ ಸೇರಿದರೆ ಕಂಪನಿಯ ಬ್ಯಾಲೆನ್ಸ್ ಶೀಟ್ ಓದಿ ಸುದ್ದಿ ಬರೆಯಬಲ್ಲವರು ಸಿಗುತ್ತಾರೆ. ಬರೆಯಬಲ್ಲವರು ಬೇಕಾದಷ್ಟಿದ್ದಾರೆ, ಬ್ಯಾಲೆನ್ಸ್ ಶೀಟ್ ಓದಬಲ್ಲ ವರದಿಗಾರರು ಕಡಿಮೆ. ಕಂಪನಿಯೊಳಗೆ ಷೇರುದಾರರಿಗೆ ವರದಿ, ಪ್ರಕಟಣೆ ಸಿದ್ಧಪಡಿಸುವ ವಿಭಾಗಕ್ಕೂ ಇಂಥವರೇ ಬೇಕು. ಮಾನವ ಸಂಪನ್ಮೂಲದ ಜೊತೆ ಸಾರ್ವಜನಿಕ ಸಂಪರ್ಕವೂ ಹೊಂದುತ್ತದೆ: ಕಂಪನಿ ಕೈ ಬದಲಾದಾಗ, ಕೆಲಸ ಕಡಿತವಾದಾಗ ಸಾವಿರಾರು ನೌಕರರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಎಂಬುದೇ ಅಲ್ಲಿ ಕಸುಬು. ಮಾರ್ಕೆಟಿಂಗೇ ಬೇಕೆಂದು ಮಗಳು ಹಟ ಹಿಡಿದರೆ ಸಂವಹನದ ಕಡೆ ವಿಡಿಯೊ ನಿರ್ಮಾಣವನ್ನೋ ಪತ್ರಿಕೋದ್ಯಮವನ್ನೋ ಆರಿಸಲಿ. ಕೈಗೆ ಒಂದು ಕಸುಬಾದರೂ ಹತ್ತುತ್ತದೆ.

ಜುಲೈ ವಿಚಾರ. ಅಲ್ಲಿ ಶೈಕ್ಷಣಿಕ ವರ್ಷ ಶುರುವಾಗುವುದು ಫೆಬ್ರವರಿ ಕೊನೆ ಅಥವಾ ಮಾರ್ಚ್ ಆರಂಭದಲ್ಲಿ. ಜುಲೈ ಎರಡನೇ ಸೆಮಿಸ್ಟರ್. ನಮ್ಮ ಪಿಯು ಫಲಿತಾಂಶ ಬಂದ ಕೂಡಲೇ ಸಿಗುವ ಪ್ರವೇಶ ಅದು, ಅದಕ್ಕೇ ಏಜೆಂಟರಿಗೆ ಅವಸರ. ಬಿಸಿನೆಸ್ ವಿಭಾಗದ ಮೊದಲ ವರ್ಷದ ಅಕೌಂಟಿಂಗ್, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರಗಳು ಸಾಮಾನ್ಯವಾಗಿ ಎರಡೂ ಸೆಮಿಸ್ಟರಿನಲ್ಲಿ ನಡೆಯುತ್ತವೆ. ಸಂವಹನದ ಕಡೆ, ಅದರಲ್ಲೂ ಸ್ಟುಡಿಯೊ, ಕ್ಯಾಮರಾ ಬೇಕಾದ ಪೇಪರುಗಳು ಹಲವೆಡೆ ವರ್ಷಕ್ಕೊಮ್ಮೆ ಮಾತ್ರ. ಜೊತೆಗೆ ಇವು ಸರಪಳಿಯಲ್ಲಿ ಬರುತ್ತವೆ. ಸುದ್ದಿ ಬರವಣಿಗೆ ಪಾಸಾಗದೆ ವರದಿಗಾರಿಕೆಗೆ ಪ್ರವೇಶವಿಲ್ಲ, ವರದಿಗಾರಿಕೆ ಮುಗಿಯದೆ ಕೊನೆಯ ಪ್ರಾಜೆಕ್ಟ್ ಇಲ್ಲ. ಇತ್ತ ಸಂಖ್ಯಾಶಾಸ್ತ್ರ ಪಾಸಾಗದೆ ಮಾರುಕಟ್ಟೆ ಸಂಶೋಧನೆ ಇಲ್ಲ. ಸರಪಳಿಯ ಮೊದಲ ಕೊಂಡಿ ಫೆಬ್ರವರಿಯಲ್ಲಷ್ಟೇ ಇದ್ದು, ಮಗಳು ಜುಲೈಯಲ್ಲಿ ಸೇರಿದರೆ ಸಂವಹನದ ಕಡೆ ಆರು ತಿಂಗಳು ಹಿಂದೆ ಬಿದ್ದೇ ಶುರು. ಪರಿಹಾರ ಇದೆ: ಜುಲೈ ಸೆಮಿಸ್ಟರಿನಲ್ಲಿ ಮೂರು ಅಥವಾ ನಾಲ್ಕೂ ಬಿಸಿನೆಸ್ ಪೇಪರ್ ತೆಗೆದುಕೊಂಡು, ಫೆಬ್ರವರಿಯಲ್ಲಿ ಸಂವಹನದ ಸರಪಳಿ ಹಿಡಿಯುವುದು. ಆದರೆ ಇದನ್ನು ಹೋದ ಮೇಲೆ ಕೇಳಿಕೊಂಡರಾಯಿತು ಎಂದು ಬಿಡಬಾರದು. ಎರಡು ವಿಭಾಗ ಎಂದರೆ ಎರಡು ಕಚೇರಿ, ಇಬ್ಬರು ಸಲಹೆಗಾರರು. ಒಬ್ಬರಿಗೆ ಇನ್ನೊಬ್ಬರ ವೇಳಾಪಟ್ಟಿ ಗೊತ್ತಿರುವುದಿಲ್ಲ. ಎರಡೂ ಕಡೆಯ ತರಗತಿ ಒಂದೇ ಗಂಟೆಗೆ ಬೀಳುವುದುಂಟು, ಕೆಲವೆಡೆ ಕ್ಯಾಂಪಸ್ಸೇ ಬೇರೆ.

ಫೇಲಾದರೆ? ನಮ್ಮಲ್ಲಿಯ ಹಾಗೆ ‘ಬ್ಯಾಕ್’ ಉಳಿಸಿಕೊಂಡು ಮುಂದಿನ ಸಲ ಪರೀಕ್ಷೆ ಮಾತ್ರ ಕಟ್ಟುವ ಪದ್ಧತಿ ಅಲ್ಲಿಲ್ಲ. ಕೂದಲೆಳೆಯಲ್ಲಿ ತಪ್ಪಿದವರಿಗೆ ಕೆಲವೆಡೆ ಪೂರಕ ಪರೀಕ್ಷೆ ಕೊಡುತ್ತಾರೆ, ಅಷ್ಟೆ. ಉಳಿದವರು ಇಡೀ ಪೇಪರನ್ನು ಹೊಸದಾಗಿ ಫೀಸು ಕಟ್ಟಿ, ತರಗತಿಗೆ ಕೂತು, ಅಸೈನ್‌ಮೆಂಟ್ ಸಮೇತ ಮತ್ತೆ ಮಾಡಬೇಕು. ವರ್ಷದ ಫೀಸು 40,000 ಆಸ್ಟ್ರೇಲಿಯನ್ ಡಾಲರ್ ಎಂದಿಟ್ಟುಕೊಂಡರೆ ಒಂದು ಪೇಪರಿಗೆ 5,000. ಅದು ವರ್ಷಕ್ಕೊಮ್ಮೆ ನಡೆಯುವ ಸರಪಳಿಯ ಕೊಂಡಿಯಾಗಿದ್ದರೆ ಪದವಿಯೂ ಮುಂದಕ್ಕೆ ಹೋಗುತ್ತದೆ, ವೀಸಾ ವಿಸ್ತರಣೆ, ವಿಮೆ, ಬಾಡಿಗೆ ಎಲ್ಲ ಹಿಂಬಾಲಿಸುತ್ತವೆ. ಅಂದಹಾಗೆ ಅಂಕ ನೋಡಿ ಮಗಳನ್ನು ಗದರಬೇಡಿ. ಅಲ್ಲಿ 50 ಬಂದರೆ ಪಾಸು, 65 ಎಂದರೆ ಮರ್ಯಾದೆಯ ಅಂಕ. ಪಿಯುಸಿಯ 95ರ ಕಣ್ಣಿನಿಂದ ಅದನ್ನು ಅಳೆಯಬಾರದು.

ವಾರದ ದುಡಿಮೆ ನೋಡಿ. ಪ್ರತಿ ಪೇಪರಿಗೆ ತರಗತಿ, ಓದು, ಬರವಣಿಗೆ ಸೇರಿ ವಾರಕ್ಕೆ ಸುಮಾರು ಹತ್ತು ಗಂಟೆ ಹಿಡಿಯುತ್ತಾರೆ, ನಾಲ್ಕಕ್ಕೆ ನಲವತ್ತು. ಸೆಮಿಸ್ಟರ್ ಇರುವುದು ಹನ್ನೆರಡು ಹದಿಮೂರು ವಾರ. ಐದಾರನೇ ವಾರ ಒಮ್ಮೆ, ಹನ್ನೊಂದು ಹನ್ನೆರಡನೇ ವಾರ ಇನ್ನೊಮ್ಮೆ ನಾಲ್ಕೂ ಪೇಪರಿನ ಅಸೈನ್‌ಮೆಂಟ್ ಒಟ್ಟಿಗೆ ಬೀಳುತ್ತವೆ. ಗುಂಪಿನ ಕೆಲಸ ಎರಡು ವಿಭಾಗದಲ್ಲೂ ಜಾಸ್ತಿ, ಪರಿಚಯವೇ ಇಲ್ಲದ ನಾಲ್ಕು ಜನರ ಬಿಡುವು ಹೊಂದಿಸುವುದೇ ಒಂದು ಪೇಪರಿನಷ್ಟು ಕೆಲಸ. ಇದರ ಮೇಲೆ ಬರವಣಿಗೆಯ ಗೊಂದಲ ಬೇರೆ. ಬಿಸಿನೆಸ್ ವರದಿಗೆ ಉಪಶೀರ್ಷಿಕೆ, ಕೋಷ್ಟಕ, ಶಿಫಾರಸು ಬೇಕು. ಸುದ್ದಿಗೆ ಮೊದಲ ಸಾಲಲ್ಲೇ ಸಾರ ಬೇಕು. ಒಂದೇ ವಾರದಲ್ಲಿ ಎರಡನ್ನೂ ಬರೆಯುವ ಹುಡುಗಿ ಸುದ್ದಿಯನ್ನು ವರದಿಯಂತೆ, ವರದಿಯನ್ನು ಸುದ್ದಿಯಂತೆ ಬರೆದು ಎರಡರಲ್ಲೂ ಅಂಕ ಕಳೆದುಕೊಳ್ಳುವುದು ಮೊದಲ ವರ್ಷದ ಮಾಮೂಲಿ ಕಥೆ.

ನಲವತ್ತು ಗಂಟೆಯ ಮೇಲೆ ಸಂಪಾದನೆಯ ಗಂಟೆ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು. 2023ರ ಜುಲೈಯಿಂದ ಇದು ನಿಯಮ. 2025ರ ಜುಲೈಯಲ್ಲಿ ನಿಗದಿಯಾದ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ವಾರಕ್ಕೆ 24 ಗಂಟೆಗೆ ಸುಮಾರು 600. ಕ್ಯಾಶುವಲ್ (ಸಂಬಳದ ರಜೆ ಇಲ್ಲದ, ಕರೆದಾಗ ಹೋಗುವ) ಕೆಲಸವಾದರೆ ಕಾಲುಪಾಲು ಹೆಚ್ಚು ಸಿಗುತ್ತದೆ. ಆದರೆ ಹಲವು ಅಂಗಡಿ, ಹೋಟೆಲುಗಳಲ್ಲಿ ಸಣ್ಣ ವಯಸ್ಸಿನವರಿಗೆ ‘ಜೂನಿಯರ್’ ದರ ಎಂದು ಕಡಿಮೆ ಕೊಡಲು ಕಾನೂನಿನಲ್ಲೇ ಅವಕಾಶವಿದೆ. ನಿಮ್ಮ ಮಗಳಿಗೆ ಹದಿನೆಂಟು. ಇತ್ತ ವೀಸಾಕ್ಕೆ ತೋರಿಸಬೇಕಾದ ವರ್ಷದ ಜೀವನವೆಚ್ಚ 29,710 ಡಾಲರ್ (2024ರ ಮೇ ತಿಂಗಳ ಆದೇಶ), ವಾರಕ್ಕೆ 571 ಆಯಿತು. ಎಲ್ಲ ಸರಿಹೋದರೆ ದುಡಿಮೆಯಿಂದ ಬಾಡಿಗೆ, ಊಟ, ಬಸ್ಸಿನ ಖರ್ಚು ಸಾಗಬಹುದು. ಫೀಸು ಹುಟ್ಟುವುದಿಲ್ಲ. ಆ ಫೀಸೂ ಪ್ರತಿ ವರ್ಷ ಏರುತ್ತದೆ, ಮೊದಲ ವರ್ಷದ್ದನ್ನು ನಾಲ್ಕರಿಂದ ಗುಣಿಸಿ ಬ್ಯಾಂಕ್ ಸಾಲಕ್ಕೆ ಹೋಗಬೇಡಿ. ವೀಸಾ ಅರ್ಜಿಗೇ 2,000 ಡಾಲರ್ (2025ರ ಜುಲೈಯಲ್ಲಿ ನಿಗದಿಯಾದದ್ದು), ಸಿಗದಿದ್ದರೂ ವಾಪಸಿಲ್ಲ.

ಇಂಟರ್ನ್‌ಶಿಪ್ ಬಗ್ಗೆ ಒಂದು ಸೂಕ್ಷ್ಮ. ಅದು ಕೋರ್ಸಿನ ಕಡ್ಡಾಯ ಭಾಗವಾಗಿ ನೋಂದಣಿಯಾಗಿದ್ದರೆ 48 ಗಂಟೆಯ ಲೆಕ್ಕಕ್ಕೆ ಸೇರುವುದಿಲ್ಲ. ಐಚ್ಛಿಕವಾಗಿದ್ದರೆ ಸೇರುತ್ತದೆ. ಕಡ್ಡಾಯ ಇಂಟರ್ನ್‌ಶಿಪ್ ಇರುವ ಕೋರ್ಸಿಗೇ ನಮ್ಮ ಓಟು.

ಓದು ಮುಗಿದ ಮೇಲೆ ಸಿಗುವ 485 ವೀಸಾ ಬ್ಯಾಚುಲರ್ ಪದವಿಗೆ ಎರಡು ವರ್ಷ. ಪದವಿ ಎರಡಿದ್ದರೂ ಎರಡೇ ವರ್ಷ, ನಾಲ್ಕಾಗುವುದಿಲ್ಲ.

ನಡುವೆ ಬೇಸರವಾದರೆ ಒಂದನ್ನು ಬಿಟ್ಟು ಇನ್ನೊಂದನ್ನು ಮುಗಿಸಬಹುದೇ ಎಂದೂ ವಿಚಾರಿಸಿಡಿ. ಸಾಮಾನ್ಯವಾಗಿ ಆಗುತ್ತದೆ, ಬಿಟ್ಟ ಕಡೆಯ ಎಂಟು ಪೇಪರುಗಳನ್ನು ಉಳಿದ ಪದವಿಯ ಐಚ್ಛಿಕಗಳಾಗಿ ಹಿಡಿಯುತ್ತಾರೆ. ಹಾಗಾಗಿ ಮೊದಲೆರಡು ವರ್ಷ ಎಂಟು ಎಂಟು ಸಮನಾಗಿ ಓದಿದವರಿಗೆ ಮೂರನೇ ವರ್ಷಕ್ಕೆ ಹೊರಬರುವ ದಾರಿ ತೆರೆದಿರುತ್ತದೆ. ಒಂದೇ ಕಡೆ ಹದಿಮೂರು ಮುಗಿಸಿ ಆ ಕಡೆಯನ್ನೇ ಬಿಟ್ಟರೆ ಐದು ಪೇಪರ್ ನೀರುಪಾಲು. ಕೋರ್ಸು ಬದಲಾದರೆ ಪ್ರವೇಶ ದೃಢೀಕರಣ ಪತ್ರವೂ ಹೊಸದಾಗಿ ಬೇಕು.

ಮನೆಯ ಹತ್ತಿರದ ದಾರಿಯನ್ನೂ ತೂಗಿ ನೋಡಿ. ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿ 2022ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿದೆ: ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನಿನಲ್ಲಿ. ಎರಡೂ ಕಾಲೇಜಿನಲ್ಲೇ ಆದರೆ ತರಗತಿಯ ಸಮಯ ಒಂದರ ಮೇಲೊಂದು ಬೀಳಬಾರದು. ರಾಜ್ಯದ ಪದವಿ 2024–25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಕಾಲೇಜಿನಲ್ಲಿ ಪತ್ರಿಕೋದ್ಯಮವಿರುವ ಬಿಎ, ಜೊತೆಗೆ ಇಗ್ನೊದಲ್ಲೋ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೋ ಬಿಕಾಂ; ಮೂರೇ ವರ್ಷಕ್ಕೆ ಎರಡೂ ಮುಗಿಯಬಹುದು. ಕ್ಯಾಮರಾ, ಸ್ಟುಡಿಯೊ ಬೇಕಾದ್ದನ್ನು ಕಾಲೇಜಿನಲ್ಲಿ, ಪುಸ್ತಕದಿಂದ ಕಲಿಯಬಹುದಾದ್ದನ್ನು ದೂರಶಿಕ್ಷಣದಲ್ಲಿ ಇಡಿ, ಉಲ್ಟಾ ಮಾಡಬೇಡಿ. ಇಲ್ಲಿ ಕೆಡುವುದು ಪರೀಕ್ಷೆಯ ದಿನಾಂಕ. ಇಗ್ನೊ ಪರೀಕ್ಷೆ ಜೂನ್ ಮತ್ತು ಡಿಸೆಂಬರಿನ ಸುಮಾರಿಗೆ, ಕಾಲೇಜಿನ ಸೆಮಿಸ್ಟರ್ ಪರೀಕ್ಷೆಯೂ ಆಸುಪಾಸಿನಲ್ಲೇ. ತಾಕಲಾಡಿದರೆ ದೂರಶಿಕ್ಷಣದ್ದನ್ನು ಮುಂದಿನ ಸಲಕ್ಕೆ ತಳ್ಳಿ. ಮಗಳ ಗುರಿ ಬೆಂಗಳೂರಿನ ಜಾಹೀರಾತು ಸಂಸ್ಥೆಯೇ ಆಗಿದ್ದರೆ ನಾವು ಈ ದಾರಿಯನ್ನೇ ಮೊದಲು ಹೇಳುತ್ತೇವೆ.

ಆಸ್ಟ್ರೇಲಿಯಾ ಎಂದೇ ಮನಸ್ಸು ಮಾಡಿದ್ದರೆ ಏಜೆಂಟರಿಗೆ ಫೋನ್ ಬೇಡ, ಇಮೇಲ್ ಬರೆಯಿರಿ. ಕ್ರೈಕೋಸ್ ಸಂಖ್ಯೆ, ಜುಲೈಯಲ್ಲಿ ಸೇರುವವರಿಗೆಂದೇ ಮಾಡಿದ ಎಂಟು ಸೆಮಿಸ್ಟರಿನ ಪೇಪರ್ ಪಟ್ಟಿ, ಅದರಲ್ಲಿ ವರ್ಷಕ್ಕೊಮ್ಮೆ ನಡೆಯುವವು ಯಾವುವು, ಇಂಟರ್ನ್‌ಶಿಪ್ ಕಡ್ಡಾಯವೇ ಎಂಬುದು, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಎಷ್ಟು ಬೇಕು ಎಂಬುದನ್ನು ಕೇಳಿ. ಎರಡು ಪದವಿಗೆ ಬೇರೆ ಬೇರೆ ಅಂಕ ನಿಗದಿಯಾಗಿದ್ದರೆ ಹೆಚ್ಚಿನದೇ ಅನ್ವಯ. ವೀಸಾ ಅರ್ಜಿಯಲ್ಲಿ ‘ಈ ಕೋರ್ಸೇ ಯಾಕೆ’ ಎಂಬಂಥ ಪ್ರಶ್ನೆಗಳಿಗೆ ತಲಾ 150 ಪದದೊಳಗೆ ಉತ್ತರ ಬರೆಯಬೇಕು. ಅದನ್ನು ಏಜೆಂಟರ ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಉತ್ತರದಿಂದ ತುಂಬಿಸದೆ ಮಗಳೇ ಬರೆಯಲಿ. ಜುಲೈ ಪಟ್ಟಿ ಬರಲಿಲ್ಲ ಎಂದಾದರೆ ಮುಂಗಡ ಕಟ್ಟದೆ ಫೆಬ್ರವರಿಗೆ ಕಾಯಿರಿ. ನಡುವಿನ ತಿಂಗಳುಗಳಲ್ಲಿ ಅವಳು ಟ್ಯಾಲಿ, ಎಕ್ಸೆಲ್ ಮತ್ತು ವಿಡಿಯೊ ಎಡಿಟಿಂಗ್ ಹಾಸನದಲ್ಲೇ ಕಲಿಯಬಹುದು.

— ಸಂಪಾದಕ