ಮಂಡಿ ಶಸ್ತ್ರಚಿಕಿತ್ಸೆಯಲ್ಲಿ ತೊಡೆಗೆ ಬಿಗಿದ ಪಟ್ಟಿಯಿಂದ ಕಾಲು ಊದಿಕೊಳ್ಳುತ್ತದೆಯೇ?

ತಂದೆಯವರ ಮಂಡಿ ಬದಲಿಸುವಾಗ 80 ನಿಮಿಷ ತೊಡೆಗೆ ಟೂರ್ನಿಕೆಟ್ ಬಿಗಿದಿದ್ದರು, ಎರಡನೆಯ ದಿನ ಕಾಲು ಊದಿ, ಮೈಯೊಳಗಿನ ಕೆರಳಿಕೆಯನ್ನು (ಉರಿಯೂತ) ತೋರಿಸುವ ರಕ್ತದ ಪ್ರೋಟೀನ್ ಆದ ಸಿಆರ್‌ಪಿ ಏರಿದೆ, ರಕ್ತ ತಡೆದದ್ದೇ ಕಾರಣವೇ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಅರಿವಳಿಕೆ ವೈದ್ಯೆ. ಆ ಪಟ್ಟಿಯ ಗಡಿಯಾರ ಕಾಯುವುದು ನನ್ನ ನಿತ್ಯದ ಕೆಲಸ.

ಭಾಗಶಃ ಹೌದು. ಆದರೆ ಕೆರಳಿಕೆ ಜೋರಾಗುವುದು ರಕ್ತ ಮರಳಿದಾಗ. ಎರಡು ದಿನ ನಿಂತಿದ್ದ ಕಾವೇರಿ ನೀರು ಬಂದಾಗ ನಲ್ಲಿಯಲ್ಲಿ ಮೊದಲು ಕೆಸರು ಬರುವುದನ್ನು ನೋಡಿರುತ್ತೀರಿ. ಪಟ್ಟಿ ಬಿಗಿದಿರುವಷ್ಟು ಹೊತ್ತು ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ, ಪೊಟ್ಯಾಸಿಯಂ ಸೇರಿಕೊಳ್ಳುತ್ತವೆ. ಬಿಚ್ಚಿದೊಡನೆ ನುಗ್ಗುವ ಆಮ್ಲಜನಕದಿಂದ ಜೀವಕೋಶಗಳಿಗೆ ಹಾನಿ ಮಾಡುವ ಫ್ರೀ ರ್‍ಯಾಡಿಕಲ್‌ಗಳು ಹುಟ್ಟಿ ರಕ್ತನಾಳದ ಒಳಪದರವನ್ನು ಕೆರಳಿಸುತ್ತವೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿ ಅಂಟಿಕೊಂಡು ಸ್ನಾಯುವಿನೊಳಗೆ ನುಸುಳುತ್ತವೆ. ನಾಳಗಳು ಸೋರಿ ಕಾಲು ಊದುತ್ತದೆ. ಇದೇ ಗದ್ದಲದಲ್ಲಿ ಹೊಮ್ಮುವ ಇಂಟರ್‌ಲ್ಯೂಕಿನ್-6ರ ಸಂದೇಶ ತಲುಪಿದಾಗ ಯಕೃತ್ತು ಸಿಆರ್‌ಪಿ ತಯಾರಿಸುತ್ತದೆ. ಮೂಳೆ ಕೊಯ್ದ ಗಾಯವೂ ಇದನ್ನೇ ಮಾಡಿಸುತ್ತದೆ, ಅದರ ಪಾಲು ಸಣ್ಣದಲ್ಲ. ಹಾಗಾಗಿ ಎರಡು-ಮೂರನೆಯ ದಿನ ಸಿಆರ್‌ಪಿ ಶಿಖರ ಮುಟ್ಟುವುದು ನಿರೀಕ್ಷಿತ. ಅಷ್ಟರಿಂದಲೇ ಸೋಂಕು ಎನ್ನಲಾಗದು. ಇಳಿದದ್ದು ಮತ್ತೆ ಏರಿದರೆ ಯೋಚಿಸಬೇಕು.

ಕಳೆದ ವಾರ ಒಬ್ಬ ಅಜ್ಜಿಯ ಪಟ್ಟಿ ಸಡಿಲಿಸಿದೆವು. ಮೇಣದಂತೆ ಬಿಳಿಚಿದ್ದ ಬೆರಳುಗಳು ನೋಡುನೋಡುತ್ತಲೇ ದಾಸವಾಳದ ಕೆಂಪಿಗೆ ತಿರುಗಿದವು. ಅದೇ ಹೊತ್ತಿಗೆ ಪರದೆಯಲ್ಲಿ ರಕ್ತದೊತ್ತಡ 130ರಿಂದ 105ಕ್ಕೆ ಜಾರಿತು. ಕಾಲಿನಲ್ಲಿ ಕೂಡಿದ್ದೆಲ್ಲ ಮೈಗೆ ಹರಿಯುವ ಆ ಕೆಲವು ನಿಮಿಷ ನಾನು ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

ಸಾಮಾನ್ಯವಾಗಿ ಎರಡು ಗಂಟೆಯ ಒಳಗೆ ಬಿಚ್ಚುತ್ತೇವೆ. 80 ನಿಮಿಷ ಆ ಮಿತಿಯೊಳಗೇ ಇದೆ. ತೊಡೆಯಲ್ಲಿ ಪಟ್ಟಿಯ ಗುರುತು, ಒಂದಿಷ್ಟು ನೋವು ಕೆಲವು ದಿನ ಉಳಿಯಬಹುದು.

ನನಗೆ ಭಯವಿರುವುದು ಬೇರೊಂದರ ಬಗ್ಗೆ. ಔಷಧಿಗೂ ಬಗ್ಗದ, ಗಂಟೆಗಂಟೆಗೂ ಏರುವ ನೋವು, ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಬಗ್ಗಿಸಿದರೆ ಚೀರುವಂತಾಗುವುದು, ಕಲ್ಲಿನಂತೆ ಬಿಗಿದ ಮೀನಖಂಡ, ಪಾದ ಜೋಮು ಹಿಡಿಯುವುದು: ಇವು ಸ್ನಾಯುವಿನ ಒಳಒತ್ತಡ ಅಪಾಯಕ್ಕೇರಿದ ಲಕ್ಷಣಗಳು. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿದೆಯೇ ಎಂದೂ ನೋಡಬೇಕು. ಇವುಗಳಲ್ಲಿ ಒಂದಿದ್ದರೂ ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ. ರಾತ್ರಿ 2 ಗಂಟೆಯಾಗಿದ್ದರೂ ಕರ್ತವ್ಯದಲ್ಲಿರುವ ವೈದ್ಯರನ್ನು ಎಬ್ಬಿಸಿ.