ಅಗಾದಿರ್‌ನ ಹಳೇ ಕ್ಯಾಸೆಟ್‌ಗಳಿಂದ 100 ಎಲ್‌ಪಿ ಮಾಡಿಸಬಹುದಾ? ನನ್ನ ಉತ್ತರ

ನಮಸ್ಕಾರ ಸರ್. ಮೊರಾಕೊದ ಅಗಾದಿರ್‌ನಲ್ಲಿ ಕೊಂಡ, ಅಲ್ಲಿನ ಮೂಲನಿವಾಸಿಗಳಾದ ಬರ್ಬರರ ಹಾಡುಗಳ ಕ್ಯಾಸೆಟ್‌ಗಳಿವೆ, ಅವುಗಳಿಂದ ಒಂದು 100 ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಮಾಡಿಸಿ ಆಸಕ್ತರಿಗೆ ಹಂಚಬಹುದಾ ಅಂತ ಗುಂಪಿನಲ್ಲಿ ಕೇಳಿದ್ದೀರಿ. ಒಪ್ಪಿಗೆ ಸಿಕ್ಕರೆ ಹಂಚಬಹುದು. ಆದರೆ ಎಲ್‌ಪಿ ಬೇಡ, ಕ್ಯಾಸೆಟ್ಟನ್ನೇ ಮಾಡಿ ಅನ್ನುತ್ತೇನೆ.

ನೀವು ಹಾಕಿದ ಫೋಟೋದಲ್ಲಿ ಗಾಯಕರ ಕೈಯಲ್ಲಿ ರಿಬಾಬ್ ಅನ್ನೋ, ಕಮಾನಿನಿಂದ ನುಡಿಸುವ ಪಿಟೀಲಿನಂಥ ವಾದ್ಯ ಇದೆ. ಹಾಗಾದರೆ ಇದು ಅಗಾದಿರ್ ಸುತ್ತಲಿನ ಸೂಸ್ ಪ್ರಾಂತ್ಯದ ರ್ವಾಯ್ಸ್ ಸಂಗೀತ. ರ್ವಾಯ್ಸ್ ಅಂದರೆ ತಶಲ್ಹಿತ್ ಅನ್ನೋ ಬರ್ಬರ್ ಭಾಷೆಯಲ್ಲಿ ಪದ ಕಟ್ಟಿ ಹಾಡುವ ವೃತ್ತಿ ಕಲಾವಿದರು. ಜೊತೆಗೆ ಲೋತಾರ್ ಅನ್ನೋ ತಂತಿವಾದ್ಯ ಮೀಟುತ್ತಾರೆ, ನಾಕೂಸ್ ಅನ್ನೋ ಲೋಹದ ತುಂಡಿನ ಮೇಲೆ ತಾಳ ಹಾಕುತ್ತಾರೆ. ಮೊದಲು ರಿಬಾಬ್ ಒಂದೇ ತಾಳವಿಲ್ಲದೆ ನಿಧಾನವಾಗಿ ನುಡಿಯುತ್ತದೆ. ಅದಕ್ಕೆ ಅಸ್ತಾರಾ ಅನ್ನುತ್ತಾರೆ. ಆಮೇಲೆ ಹಾಡು. ಕೊನೆಗೆ ವೇಗ ಏರಿ ಕುಣಿತ. ಇದು ಐದು ನಿಮಿಷದಲ್ಲಿ ಮುಗಿಯುವ ಬಾಬತ್ತಲ್ಲ.

1930ರ ದಶಕದಲ್ಲಿ ತಿಜ್ನಿತ್ ಕಡೆಯ ಹಾಜ್ ಬೆಲೈದ್ ಅನ್ನೋ ರ್ವಾಯ್ಸ್ ಗಾಯಕರ ಹಾಡುಗಳು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳಲ್ಲಿ ಬಂದವು. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಅಷ್ಟರಲ್ಲಿ ಪೀಠಿಕೆ ಎಲ್ಲಿ, ಕುಣಿತ ಎಲ್ಲಿ! ಎಲ್‌ಪಿ ಬಂದ ಮೇಲೂ ಕತ್ತರಿ ತಪ್ಪಲಿಲ್ಲ. ಲೇಖಕ ಪಾಲ್ ಬೌಲ್ಸ್ 1959ರಲ್ಲಿ ಆಂಪೆಕ್ಸ್ ಟೇಪ್ ರೆಕಾರ್ಡರ್ ಹೊತ್ತು ಮೊರಾಕೊ ಸುತ್ತಿ ಊರೂರಿನ ಸಂಗೀತ ಹಿಡಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1972ರಲ್ಲಿ ಅದರಿಂದ ಎರಡು ಎಲ್‌ಪಿ ತಂದಿತು. ಮೊದಲನೆಯದು ಪೂರ್ತಿ ಗುಡ್ಡಗಾಡಿನ ಬರ್ಬರರ ಸಂಗೀತ. ಆದರೆ ಜಾಗ ಸಾಲದೆ ಹಾಡುಗಳನ್ನು ಮೊಟಕು ಮಾಡಿದ್ದರು. ಅವು ಪೂರ್ತಿ ಉದ್ದದಲ್ಲಿ ಕೇಳಲು ಸಿಕ್ಕಿದ್ದು 2016ರಲ್ಲಿ, ಡಸ್ಟ್ ಟು ಡಿಜಿಟಲ್ ಅನ್ನೋ ಲೇಬಲ್ (ಸಂಗೀತ ಪ್ರಕಟಿಸುವ ಕಂಪನಿ) ನವರು ನಾಲ್ಕು ಸಿಡಿಗಳ ಪೆಟ್ಟಿಗೆ ತಂದಾಗ.

ಇವತ್ತಿನ ಎಲ್‌ಪಿಗೂ ಅದೇ ಕಷ್ಟ. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿದರೆ ದನಿ ಸಣ್ಣಗಾಗುತ್ತದೆ, ತಗ್ಗಿನ ಸದ್ದು ಸೊರಗುತ್ತದೆ. ಸಿ-60 ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೆ ಮೂವತ್ತು ನಿಮಿಷ. ನಿಮ್ಮ ಮೂಲ ಕ್ಯಾಸೆಟ್ಟಿನ ಕ್ರಮವನ್ನು ಹಾಗೇ ಇಡಬಹುದು. ಖರ್ಚಿನ ಲೆಕ್ಕವೂ ಇದೆ. ಎಲ್‌ಪಿ ಒತ್ತಲು ಬೇಕಾದ ಲೋಹದ ಅಚ್ಚಿಗೆ 100 ಪ್ರತಿಗೂ ಅಷ್ಟೇ ದುಡ್ಡು, 500ಕ್ಕೂ ಅಷ್ಟೇ. ಕ್ಯಾಸೆಟ್ಟನ್ನು ಮನೆಯಲ್ಲೇ ಕೂತು ನಿಧಾನವಾಗಿ ನಕಲು ಮಾಡಬಹುದು. ಹೈ ಸ್ಪೀಡ್ ಡಬ್ಬಿಂಗ್ (ಟೇಪನ್ನು ವೇಗವಾಗಿ ಓಡಿಸಿ ನಕಲು ಮಾಡೋದು) ಮಾತ್ರ ಬೇಡ, ಮೇಲಿನ ಸ್ವರಗಳು ಮಂಕಾಗುತ್ತವೆ.

ಈಗ ಡಿಜಿಟೈಸ್ ಮಾಡುವ ಕೆಲಸ. ಇದಕ್ಕೆ ಆತುರ ಬೇಡ. ಡೆಕ್ಕಿನ (ಕ್ಯಾಸೆಟ್ ಪ್ಲೇಯರಿನ) ಹೆಡ್ಡನ್ನು, ಅಂದರೆ ಟೇಪನ್ನು ಓದುವ ಭಾಗವನ್ನು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಕ್ಯಾಸೆಟ್ಟಿನ ಒಳಗೆ ಟೇಪನ್ನು ಹೆಡ್ಡಿಗೆ ಒತ್ತಿಡುವ ಫೆಲ್ಟ್ ಪ್ಯಾಡ್ ಉದುರಿದೆಯಾ ನೋಡಿ. ಉದುರಿದ್ದರೆ ರೀಲನ್ನು ಸ್ಕ್ರೂ ಬಿಚ್ಚಬಹುದಾದ ಬೇರೆ ಕ್ಯಾಸೆಟ್ ಡಬ್ಬಿಗೆ ಹಾಕಿ. ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಓರೆ ಸರಿಪಡಿಸುವ ಅಜಿಮತ್ ಸ್ಕ್ರೂ ತಿರುಗಿಸಿ ಹೊಂದಿಸಲೇಬೇಕು, ಸುಮ್ನೆ ಪ್ಲೇ ಒತ್ತಿ ಬಿಡಬೇಡಿ. ಎಡ, ಬಲ ಎರಡೂ ಚಾನೆಲ್ಲನ್ನು ಒಂದಾಗಿ ಬೆರೆಸಿ (ಮೊನೊ ಮಾಡಿ) ಕೇಳುತ್ತಾ, ನಾಕೂಸಿನ ಏಟು ಎಲ್ಲಿ ಅತಿ ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಕವರಿನ ಮೇಲೆ ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸುವ ವ್ಯವಸ್ಥೆ) ಗುರುತು ಇಲ್ಲದಿದ್ದರೆ ಡಾಲ್ಬಿ ಆಫ್ ಇರಲಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ.

ನಾಯ್ಸ್ ರಿಡಕ್ಷನ್ ಸಾಫ್ಟ್‌ವೇರ್ ಮುಟ್ಟಲೇಬೇಡಿ ಅನ್ನುವವನು ನಾನು. ರಿಬಾಬ್‌ಗೆ ಇರುವುದು ಕುದುರೆ ಕೂದಲಿನ ಒಂದೇ ತಂತಿ. ಕಮಾನಿನದೂ ಕುದುರೆ ಕೂದಲೇ. ಎರಡೂ ಉಜ್ಜುವ ಆ ಒರಟು ಸದ್ದೇ ಅದರ ಜೀವ. ಸಾಫ್ಟ್‌ವೇರಿಗೆ ಅದೂ ಟೇಪಿನ ಸುಯ್ ಸದ್ದೂ ಒಂದೇ ಥರ ಕಾಣುತ್ತದೆ, ಎರಡನ್ನೂ ಗುಡಿಸಿ ಹಾಕುತ್ತದೆ. ಉಳಿಯುವುದು ನೀರಿನೊಳಗಿಂದ ಕೇಳಿದ ಹಾಗಿನ ದನಿ.

ಇನ್ನು ಅನುಮತಿ. 'ಸ್ನೇಹಿತರಿಗೆ ಅಷ್ಟೇ ಅಲ್ವಾ' ಅಂತ ಗುಂಪಿನ ಕೆಲವರು ಮೇಲೆ ಬರೆದಿದ್ದಾರೆ. 100 ಪ್ರತಿ ಮಾಡಿ ದುಡ್ಡು ತೆಗೆದುಕೊಂಡರೆ ಅದು ಪ್ರಕಟಣೆಯೇ. ಕವರಿನ ಮೇಲೆ ಕಂಪನಿಯ ಹೆಸರು, ಊರು ಅರಬ್ಬಿಯಲ್ಲೋ ಫ್ರೆಂಚಿನಲ್ಲೋ ಇರುತ್ತದೆ. ಮೊದಲು ಅಲ್ಲಿ ವಿಚಾರಿಸಿ. ಮೊರಾಕೊದ ಸರ್ಕಾರಿ ಹಕ್ಕುಸ್ವಾಮ್ಯ ಕಚೇರಿ ರಬಾತ್‌ನಲ್ಲಿದೆ, ಅಲ್ಲಿಗೂ ಬರೆಯಿರಿ. ಕಲಾವಿದರ ಅಥವಾ ಅವರ ಮನೆಯವರ ಒಪ್ಪಿಗೆ ಬರಹದಲ್ಲಿ ಸಿಗುವವರೆಗೆ ಕಾಯಿರಿ. ಸಿಗದಿದ್ದರೆ ಡಿಜಿಟೈಸ್ ಮಾಡಿ ಇಟ್ಟುಕೊಳ್ಳಿ, ಹಂಚಬೇಡಿ.

ದುಡ್ಡಿನ ವಿಷಯದಲ್ಲಿ ಒಳ್ಳೆಯ ಮಾದರಿಗಳಿವೆ. ಆವ್ಸಮ್ ಟೇಪ್ಸ್ ಫ್ರಮ್ ಆಫ್ರಿಕಾ ಲೇಬಲ್ ಲಾಭವನ್ನು ಕಲಾವಿದರ ಜೊತೆ ಅರ್ಧರ್ಧ ಹಂಚಿಕೊಳ್ಳುತ್ತದೆ. ಸಾಹೆಲ್ ಸೌಂಡ್ಸ್ ಲೇಬಲ್‌ನವರು 2020ರಲ್ಲಿ ಸಹಾರಾ ಕಡೆಯ ಕಲಾವಿದರಿಂದ ವಾಟ್ಸಾಪಿನಲ್ಲಿ ಹಾಡು ತರಿಸಿ, ತಿಂಗಳಿಗೊಂದರಂತೆ ಇಂಟರ್ನೆಟ್ಟಿನಲ್ಲಿ ಬಿಟ್ಟರು. ಒಂದೊಂದು ಸಂಚಿಕೆ ಒಂದೇ ತಿಂಗಳು ಸಿಗುತ್ತಿತ್ತು. ಬಂದ ದುಡ್ಡೆಲ್ಲ ಕಲಾವಿದರಿಗೆ. ನಿಮ್ಮದು ಬರೀ 100 ಪ್ರತಿ. ಖರ್ಚು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಹಾಗಾಗಿ ಲಾಭ ಬರಲಿ ಅಂತ ಕಾಯದೆ ಒಂದು ಮೊತ್ತವನ್ನು ಮೊದಲೇ ಕಳಿಸುವುದು ವಾಸಿ. ಇಪ್ಪತ್ತು ಪ್ರತಿಯನ್ನೂ ಅವರಿಗೇ ಕಳಿಸಿ.

ಪ್ರತಿಗಳ ಮೇಲೆ '37/100' ಅಂತ ನಂಬರ್ ಬರೆಯೋದು ನನಗೆ ಇಷ್ಟವಿಲ್ಲ. ಅಪರೂಪದ್ದು ಅಂತ ಮಾರನೇ ತಿಂಗಳು ಯಾರೋ ಹತ್ತು ಪಟ್ಟು ಬೆಲೆಗೆ ಮಾರುತ್ತಾರೆ, ಕಲಾವಿದರಿಗೆ ಬಿಡಿಗಾಸೂ ಇಲ್ಲ. ಬೇಡಿಕೆ ಇದ್ದರೆ ಮತ್ತೆ 50 ಮಾಡಿ, ಅದಕ್ಕೂ ಒಪ್ಪಿಗೆ ಈಗಲೇ ಕೇಳಿಟ್ಟುಕೊಳ್ಳಿ.

ಒಳಗಿನ ಚೀಟಿಯಲ್ಲಿ ಹಾಡಿದವರ, ನುಡಿಸಿದವರ ಹೆಸರು ಇರಲಿ. ಹಾಡಿನ ಸಾಲುಗಳನ್ನು ತಶಲ್ಹಿತ್ ಬಲ್ಲವರಿಂದಲೇ ಬರೆಸಿ. ಅರಬ್ಬಿ ಮಾತ್ರ ಬಂದವರಿಗೆ ಅದು ತಿಳಿಯೋದಿಲ್ಲ. ಮೊದಲು ಎಲ್ಲ ಕವರುಗಳ ಹಿಂಬದಿಯ ಫೋಟೋ ಇಲ್ಲಿ ಹಾಕಿ. ಕಂಪನಿಯ ಹೆಸರು ಓದಿ ಹೇಳುವವರು ಗುಂಪಿನಲ್ಲಿ ಇದ್ದಾರೆ.