ಓದುಗರ ಪ್ರಶ್ನೆ, ನಮ್ಮ ಉತ್ತರ: ಫೈರ್ ಡೋರ್ ತಾನಾಗಿ ಮುಚ್ಚಿಕೊಳ್ಳುತ್ತದೆಯೇ?

ಪ್ರಶ್ನೆ: ನಾನು ಬಹುಮಹಡಿ ವಸತಿ ಕಟ್ಟಡವೊಂದರ ನಿರ್ವಹಣಾ ಸಮಿತಿಯ ಸದಸ್ಯ. ಪ್ರತಿ ಮಹಡಿಯಲ್ಲೂ ಮೆಟ್ಟಿಲುಗಳ ಕಡೆಗೆ ಹೋಗುವಲ್ಲಿ, ಬೆಂಕಿ ಮತ್ತು ಹೊಗೆ ಹರಡದಂತೆ ತಡೆಯುವ ಫೈರ್ ಡೋರ್‌ಗಳಿವೆ. ವರ್ಷಕ್ಕೊಮ್ಮೆ ಗುತ್ತಿಗೆದಾರರ ಕಡೆಯವರು ಬಂದು, ಎಲ್ಲವೂ ಸರಿಯಾಗಿದೆ ಎಂದು ಸಹಿ ಹಾಕಿ ಹೋಗುತ್ತಾರೆ. ಆದರೆ ಕೆಲವು ಬಾಗಿಲುಗಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಇನ್ನು ಕೆಲವಕ್ಕೆ ನಿವಾಸಿಗಳು ಇಟ್ಟಿಗೆಯನ್ನೋ ಬೆಂಕಿ ಆರಿಸುವ ಸಿಲಿಂಡರನ್ನೋ ಒತ್ತು ಕೊಟ್ಟಿರುತ್ತಾರೆ. ತಜ್ಞರಲ್ಲದ ನಾವು ಇವುಗಳನ್ನು ಹೇಗೆ ಪರೀಕ್ಷಿಸಬಹುದು?

ಉತ್ತರ: ನೀವು ಗಮನಿಸಿರುವ ಆ ‘ಪೂರ್ತಿ ಮುಚ್ಚಿಕೊಳ್ಳದ’ ಬಾಗಿಲುಗಳಿಂದಲೇ ತಪಾಸಣೆ ಆರಂಭವಾಗಬೇಕು. ಎಷ್ಟೇ ಬೆಲೆಬಾಳುವ ಫೈರ್ ಡೋರ್ ಆಗಿದ್ದರೂ, ಬೆಂಕಿ ಬಿದ್ದ ಹೊತ್ತಿನಲ್ಲಿ ಅದು ಮುಚ್ಚಿ ಲ್ಯಾಚ್ (ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವ ಚಿಲಕದ ನಾಲಿಗೆ) ಬಿದ್ದಿರದಿದ್ದರೆ ಅದರಿಂದ ಯಾವ ರಕ್ಷಣೆಯೂ ಸಿಗದು. 2022ರ ಜನವರಿ 9ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನ ವಸತಿ ಕಟ್ಟಡವೊಂದರಲ್ಲಿ ಬೆಂಕಿ ಹೊತ್ತಿಕೊಂಡಾಗ, ಜ್ವಾಲೆ ಬಹುಮಟ್ಟಿಗೆ ಒಂದೇ ಮನೆ ಮತ್ತು ಅದರ ಮುಂದಿನ ಹಾದಿಗೆ ಸೀಮಿತವಾಗಿತ್ತು. ಆದರೆ ತಾವಾಗಿಯೇ ಮುಚ್ಚಿಕೊಳ್ಳಬೇಕಿದ್ದ ಬಾಗಿಲುಗಳು ತೆರೆದೇ ಉಳಿದಿದ್ದರಿಂದ ಹೊಗೆ ಮೆಟ್ಟಿಲುಗಳ ಮೂಲಕ ಮೇಲಿನ ಮಹಡಿಗಳಿಗೆ ನುಗ್ಗಿ 17 ಮಂದಿ ಪ್ರಾಣ ಕಳೆದುಕೊಂಡರು.

ಕದವನ್ನು ಪೂರ್ತಿ ತೆರೆದು ಕೈಬಿಡಿ. ಆಮೇಲೆ ಅರ್ಧ ತೆರೆದು ಬಿಡಿ. ಕೊನೆಗೆ ಒಂದು ಗೇಣಿನಷ್ಟು ಮಾತ್ರ ತೆರೆದು ಬಿಡಿ. ಮೂರೂ ಸಲ ಅದು ಯಾರೂ ತಳ್ಳದೆ ಚೌಕಟ್ಟಿಗೆ ಕೂತು, ಲ್ಯಾಚ್ ಬಿದ್ದ ಸದ್ದು ಕೇಳಿಸಬೇಕು. ಮೂರನೆಯದು ನಿಜವಾದ ಪರೀಕ್ಷೆ, ಏಕೆಂದರೆ ಅಲ್ಲಿ ಕದಕ್ಕೆ ಓಟದ ಬಲ ಇರುವುದಿಲ್ಲ. ಕದ ಚೌಕಟ್ಟಿಗೆ ಬೆರಳಷ್ಟು ದೂರದಲ್ಲಿ ನಿಂತುಬಿಟ್ಟರೆ, ಹಿಡಿಕೆಯನ್ನು ಒತ್ತಿ ಲ್ಯಾಚನ್ನು ಒಳಗೆಳೆದು ಹಿಡಿದುಕೊಂಡು ಮತ್ತೊಮ್ಮೆ ಮುಚ್ಚಿಕೊಳ್ಳಲು ಬಿಡಿ. ಈಗ ಕದ ಸರಿಯಾಗಿ ಕೂತರೆ ದೋಷವಿರುವುದು ಲ್ಯಾಚಿನಲ್ಲಿ, ಇಲ್ಲವೇ ಅದು ಬೀಳುವ ತಗಡಿನಲ್ಲಿ. ಆಗಲೂ ಕೂರದಿದ್ದರೆ ಡೋರ್ ಕ್ಲೋಸರ್ (ಕದವನ್ನು ತಾನಾಗಿ ಮುಚ್ಚಿಸುವ ಸಾಧನ) ದುರ್ಬಲವಾಗಿದೆ, ಅಥವಾ ಕದ ಜೋತುಬಿದ್ದು ಎಲ್ಲೋ ಉಜ್ಜುತ್ತಿದೆ. ಇಷ್ಟನ್ನು ಬರೆದಿಟ್ಟು ಕೊಟ್ಟರೆ, ರಿಪೇರಿಗೆ ಬಂದವರು ‘ನೋಡಿದೆವು’ ಎಂದು ಹೇಳಿ ಹೊರಟುಹೋಗಲಾಗದು.

ಕ್ಲೋಸರಿನ ಮೈಮೇಲೆ ಅಥವಾ ಅದರ ಕೆಳಗೆ ಕದದ ಮೇಲೆ ಎಣ್ಣೆ ಇಳಿದ ಕಲೆಯಿದ್ದರೆ ಅದರ ಒಳಗಿನ ಸೀಲು ಹೋಗಿದೆಯೆಂದು ತಿಳಿಯಿರಿ. ಅದನ್ನು ಬದಲಿಸುವುದೇ ಸರಿ. ಕಲೆಯಿಲ್ಲದಿದ್ದರೆ, ಬಹುತೇಕ ಕ್ಲೋಸರ್‌ಗಳಲ್ಲಿ ಮುಚ್ಚುವ ವೇಗಕ್ಕೂ ಕೊನೆಯ ಲ್ಯಾಚ್ ವೇಗಕ್ಕೂ ಬೇರೆ ಬೇರೆ ಸ್ಕ್ರೂಗಳಿರುತ್ತವೆ. ಅವುಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಹೊಂದಿಸಬೇಕು. ಪೂರ್ತಿ ಬಿಚ್ಚಿದರೆ ಎಣ್ಣೆ ಹೊರಚೆಲ್ಲುತ್ತದೆ. ಸದ್ದಾಗುತ್ತದೆಂದು ಕ್ಲೋಸರಿನ ತೋಳನ್ನೇ ಕಳಚಿಡುವುದು ಅನೇಕ ಕಡೆ ಕಂಡುಬರುತ್ತದೆ. ಇದು ಇಟ್ಟಿಗೆ ಇಡುವುದಕ್ಕಿಂತಲೂ ಅಪಾಯಕಾರಿ, ಏಕೆಂದರೆ ಇಟ್ಟಿಗೆ ಕಣ್ಣಿಗೆ ಬೀಳುತ್ತದೆ, ಕಳಚಿದ ತೋಳು ಬೀಳುವುದಿಲ್ಲ.

ಇನ್ನು ಕದ ಮತ್ತು ಚೌಕಟ್ಟಿನ ನಡುವಿನ ಸಂದು. ಮೇಲೆ ಮತ್ತು ಎರಡು ಪಕ್ಕಗಳಲ್ಲಿ ಅದು ಸುಮಾರು 3 ಮಿಲಿಮೀಟರ್ ಇರಬೇಕು. ಮೇಲಿನ ಸಂದು ಒಂದು ತುದಿಯಲ್ಲಿ ಕಿರಿದಾಗಿ ಇನ್ನೊಂದು ತುದಿಯಲ್ಲಿ ಅಗಲವಾಗಿದ್ದರೆ ಕದ ಜೋತುಬಿದ್ದಿದೆ. ಬಿಜಾಗರಿಗಳ ಸ್ಕ್ರೂ ಸಡಿಲವಾಗಿದೆಯೇ, ಬಿದ್ದುಹೋಗಿದೆಯೇ, ಬಿಜಾಗರಿಯ ಕೆಳಗೆ ಕಪ್ಪು ಲೋಹದ ಪುಡಿ ಉದುರಿದೆಯೇ ಎಂದು ನೋಡಿ. ಸಂದಿನ ಉದ್ದಕ್ಕೂ ಕೂರಿಸಿರುವ ಪಟ್ಟಿಯನ್ನು ಬಹಳ ಮಂದಿ ಬರೀ ಅಲಂಕಾರವೆಂದು ಭಾವಿಸುತ್ತಾರೆ. ಆ ಪಟ್ಟಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ ಹೊತ್ತಿಗೆ ಹಲವು ಪಟ್ಟು ಉಬ್ಬಿ ಸಂದನ್ನು ಮುಚ್ಚುತ್ತದೆ. ಆದರೆ ಅಷ್ಟು ಬಿಸಿ ಏರುವ ಮೊದಲೇ ಹೊಗೆ ಹರಡಿರುತ್ತದೆ. ಅದನ್ನು ತಡೆಯುವುದು ಪಟ್ಟಿಯ ಜೊತೆಗಿರುವ ಬ್ರಷ್‌ನಂಥ ಅಥವಾ ರಬ್ಬರಿನ ಅಂಚು. ಅದು ಹರಿದಿದ್ದರೂ, ದಪ್ಪ ಪೇಂಟಿನಲ್ಲಿ ಮುಚ್ಚಿಹೋಗಿದ್ದರೂ ಬದಲಿಸಬೇಕು.

ಎಷ್ಟು ದಿನಕ್ಕೊಮ್ಮೆ? ಇಂಗ್ಲೆಂಡಿನಲ್ಲಿ 2023ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ, 11 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳಲ್ಲಿ ಎಲ್ಲರೂ ಬಳಸುವ ಭಾಗದ ಫೈರ್ ಡೋರ್‌ಗಳನ್ನು ಮೂರು ತಿಂಗಳಿಗೊಮ್ಮೆ ತಪಾಸಿಸಬೇಕು. ಜನ ದಿನವಿಡೀ ಓಡಾಡುವ ಬಾಗಿಲಿಗೆ ವರ್ಷಕ್ಕೊಂದು ಸಹಿ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಊರಿನ ನಿಯಮ ಇದಕ್ಕಿಂತ ಸಡಿಲವಾಗಿದ್ದರೂ ಈ ಅಂತರವನ್ನೇ ಪಾಲಿಸಿ.

ಪ್ರಶ್ನೆ: ನಮ್ಮ ಫೈರ್ ಡೋರ್‌ನ ಒಂದು ಬಿಜಾಗರಿ ತುಕ್ಕು ಹಿಡಿದಿದೆ. ಅದರ ಬದಲು ಅಲ್ಯೂಮಿನಿಯಂ ಬಿಜಾಗರಿ ಹಾಕಬಹುದೇ? ಜೊತೆಗೆ ಹೊಸ ಡಿಜಿಟಲ್ ಬೀಗ ಕೂರಿಸಲು ಕದಕ್ಕೆ ತೂತು ಕೊರೆಯಬಹುದೇ?

ಉತ್ತರ: ಎರಡೂ ಬೇಡ. ಫೈರ್ ಡೋರ್‌ಗಳನ್ನು ಕುಲುಮೆಯಲ್ಲಿ ಪರೀಕ್ಷಿಸುವಾಗ ಅನುಸರಿಸುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 834 ತಾಪಮಾನದ ರೇಖೆಯಲ್ಲಿ ಬಿಸಿ 30 ನಿಮಿಷಕ್ಕೆ ಸುಮಾರು 840 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ; ಅಂದರೆ ಮೊದಲ 10 ನಿಮಿಷದೊಳಗೇ ಕುಲುಮೆಯ ಬಿಸಿ ಆ ಮಟ್ಟವನ್ನು ದಾಟಿರುತ್ತದೆ. ಕದ ಗಟ್ಟಿಯಾಗಿದ್ದರೂ ಅದನ್ನು ಹಿಡಿದಿರುವ ಬಿಜಾಗರಿ ಸೋತರೆ ಕದ ನಿಲ್ಲದು. ಕದ, ಚೌಕಟ್ಟು, ಬಿಜಾಗರಿ, ಬೀಗ, ಗಾಜು ಇವೆಲ್ಲವನ್ನೂ ಒಟ್ಟಾಗಿ ಪರೀಕ್ಷಿಸಿಯೇ 30, 60 ಅಥವಾ 120 ನಿಮಿಷಗಳ ಬೆಂಕಿ ತಡೆಯುವ ಅವಧಿಯನ್ನು ನಮೂದಿಸಿರುತ್ತಾರೆ. ಕದದ ಅಂಚಿನಲ್ಲಿ, ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಅಥವಾ ಬಿಜಾಗರಿಯ ಕಡೆ ಇರುವ ಲೇಬಲನ್ನು ಓದಿ ತಯಾರಕರನ್ನು ಸಂಪರ್ಕಿಸಿ, ಅದೇ ಬಾಗಿಲಿಗೆ ಪರೀಕ್ಷೆಯಾಗಿರುವ ಭಾಗಗಳನ್ನೇ ತರಿಸಿ. ಪೇಂಟು ಬಳಿಯುವವರು ಆ ಲೇಬಲನ್ನು ಮುಚ್ಚದಂತೆ ಮೊದಲೇ ಹೇಳಿಡಿ.

ಪ್ರಶ್ನೆ: ನಮ್ಮ ಆಸ್ಪತ್ರೆಯ ಹಜಾರದಲ್ಲಿ ಸ್ಟ್ರೆಚರ್‌ಗಳು ದಿನವಿಡೀ ಓಡಾಡುವುದರಿಂದ ಫೈರ್ ಡೋರ್ ತೆರೆದೇ ಇರಬೇಕಾಗುತ್ತದೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಫೈರ್ ಅಲಾರಂಗೆ ಜೋಡಿಸಿದ ವಿದ್ಯುತ್ಕಾಂತ ಹಿಡಿಕೆಗಳನ್ನು ಗೋಡೆಗೆ ಅಥವಾ ನೆಲಕ್ಕೆ ಅಳವಡಿಸಿದರೆ ಕದ ತೆರೆದೇ ಇರುತ್ತದೆ; ಅಲಾರಂ ಕೂಗಿದಾಗ ಅಥವಾ ಕರೆಂಟು ಹೋದಾಗ ಹಿಡಿತ ಬಿಟ್ಟು ಕ್ಲೋಸರ್ ಅದನ್ನು ಮುಚ್ಚುತ್ತದೆ. ಇಟ್ಟಿಗೆ ಇಡುವವರನ್ನು ಬೈಯುವ ಬದಲು, ಅವರು ಅದನ್ನು ಇಡಬೇಕಾಗಿ ಬಂದಿರುವ ತೊಂದರೆಯನ್ನೇ ಹೀಗೆ ತೆಗೆದುಹಾಕಬಹುದು. ಅಲಾರಂ ಪರೀಕ್ಷಿಸುವ ದಿನವೇ ಒಬ್ಬರು ಆ ಬಾಗಿಲ ಬಳಿ ನಿಂತು, ಜೋಡಿ ಕದಗಳಿದ್ದರೆ ಎರಡೂ ಸರಿಯಾದ ಕ್ರಮದಲ್ಲಿ ಮುಚ್ಚಿಕೊಂಡವೇ ಎಂದು ನೋಡಬೇಕು; ಒಂದರ ಮೇಲೊಂದು ಕೂರುವ ಕದಗಳಲ್ಲಿ ಮೇಲೆ ಬರಬೇಕಾದ ಕದ ಮೊದಲೇ ಮುಚ್ಚಿಕೊಂಡರೆ ಇನ್ನೊಂದು ತೆರೆದೇ ಉಳಿಯುತ್ತದೆ.